ಕ್ಲೇರ್ ಅಜ್ಜಿಯರ ಮನೆಮದ್ದು: ಹೇಗೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಅಕ್ಟೋಬರ್ ಬಂತೆಂದರೆ ಮನೆಮನೆಯಲ್ಲೂ ಕೆಮ್ಮು ಶುರು. ಮಳೆ ಅಟ್ಲಾಂಟಿಕ್ ಕಡೆಯಿಂದ ಅಡ್ಡಡ್ಡ ಬಂದು ಬಡಿಯುತ್ತದೆ. ನಾನು ಸಕಲೇಶಪುರದ ಕಡೆಯವಳು, ಮಳೆ ನನಗೇನೂ ಹೊಸದಲ್ಲ. ಆದರೂ ಇಲ್ಲಿಯ ಒದ್ದೆ ಚಳಿ ಮೂಳೆಗೇ ಇಳಿಯುತ್ತದೆ. ಕ್ಲೇರ್ ಕೌಂಟಿಯ ಒಂದು ಸಣ್ಣ ಊರಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನಾನು ನರ್ಸ್. ಅಲ್ಲಿರುವ ಅಜ್ಜ ಅಜ್ಜಿಯರು ಚಿಕ್ಕವರಿದ್ದಾಗ ಹಳ್ಳಿಗೆ ಕರೆಂಟ್ ಇರಲಿಲ್ಲ, ಡಾಕ್ಟರ್ ದೂರ, ಕೈಯಲ್ಲಿ ದುಡ್ಡೂ ಕಡಿಮೆ. ಕೆಮ್ಮಾಗಲಿ, ಕುರುವಾಗಲಿ, ಮೊದಲು ಮನೆಮದ್ದೇ.

ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದವರ ಪಕ್ಕ ಕೂತರೆ ಮಾತು ಹೇಗೋ ಅಲ್ಲಿಗೇ ಬರುತ್ತದೆ. ಅವರು ಹೇಳಿದ್ದನ್ನು ಕೇಳಿ, ನಮ್ಮ ಪಕ್ಕದ ಮನೆಯ ಅಜ್ಜಿ ಮಾಡುವುದನ್ನು ನೋಡಿ ನಾನೂ ಒಂದಷ್ಟು ಕಲಿತೆ. ಇಲ್ಲಿಗೆ ಹೊಸದಾಗಿ ಬರುವ ನಮ್ಮ ನರ್ಸ್ ಹುಡುಗಿಯರು, ಓದಲು ಬರುವ ಮಕ್ಕಳು ಆಗಾಗ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿಯ ಹಳೆಯ ಮದ್ದುಗಳಿಗೆಲ್ಲ ಒಂದೊಂದು ಕಟ್ಟುಪಾಡು ಇದೆ. ಯಾವ ತಿಂಗಳಲ್ಲಿ ಕೀಳಬೇಕು, ಎಷ್ಟು ಹೊತ್ತು ಇಡಬೇಕು, ಎಷ್ಟು ಸಲ ಮಾಡಬೇಕು, ಯಾರಿಗೆ ಬೇಡ. ಈಗ ಮಾಡುವವರು ಗಿಡದ ಹೆಸರು ಮಾತ್ರ ಹಿಡಿದುಕೊಂಡು ಕಟ್ಟುಪಾಡು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಮದ್ದು ಇರುವುದೇ ಆ ಕಟ್ಟುಪಾಡಿನಲ್ಲಿ.

ಕೆಮ್ಮಿಗೆ ಕ್ಯಾರಗೀನ್

ಒಂದೇ ಒಂದು ಐರಿಷ್ ಮದ್ದು ಕಲಿಯಬೇಕೆಂದರೆ ಇದನ್ನು ಕಲಿಯಿರಿ. ಕ್ಯಾರಗೀನ್ ಅಂದರೆ ಕಡಲ ಬಂಡೆಗೆ ಅಂಟಿಕೊಂಡು ಬೆಳೆಯುವ ಒಂದು ಪಾಚಿ. ಅಂಗೈಗಿಂತ ಚಿಕ್ಕದು, ತುದಿಯಲ್ಲಿ ಕವಲು ಕವಲಾಗಿ ಬೀಸಣಿಗೆಯಂತೆ ಹರಡಿಕೊಂಡಿರುತ್ತದೆ. ನೀರಿನಲ್ಲಿರುವಾಗ ಕಡು ನೇರಳೆ ಬಣ್ಣ. ಅಂಗಡಿಯಲ್ಲಿ ಸಿಗುವುದು ಒಣಗಿ ಕೆನೆ ಬಣ್ಣಕ್ಕೆ ತಿರುಗಿದ್ದು.

ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಕಡಲು ಜಾಸ್ತಿ ಇಳಿಯುತ್ತದಲ್ಲ, ಆಗ ಇದು ಕೈಗೆ ಸಿಗುತ್ತದೆ. ಏಪ್ರಿಲ್ ಕೊನೆಯಿಂದ ಬೇಸಿಗೆ ಮುಗಿಯುವ ತನಕ ಕೀಳುವ ಕಾಲ. ಕೀಳುವುದು ಅಂದರೆ ಕತ್ತರಿಯಲ್ಲಿ ಮೇಲಿನದನ್ನು ಕತ್ತರಿಸಿಕೊಳ್ಳುವುದು. ಬುಡ ಬಂಡೆಯ ಮೇಲೇ ಇರಬೇಕು. ಬುಡ ಸಮೇತ ಎಳೆದರೆ ಮತ್ತೆ ಅಲ್ಲಿ ಚಿಗುರುವುದಿಲ್ಲ. ಕ್ವಿಲ್ಟಿ ಊರಿನ ಕಡೆಯವರು ಇದನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು. ಅಲೆಗೆ ಬೆನ್ನು ಕೊಟ್ಟು ನಿಲ್ಲಬೇಡಿ, ಒಬ್ಬರೇ ಹೋಗಬೇಡಿ. ಇಲ್ಲಿಯ ಬಂಡೆಗಳು ಬಹಳ ಜಾರುತ್ತವೆ.

ತಂದ ಪಾಚಿಯನ್ನು ಹುಲ್ಲಿನ ಮೇಲೆ ತೆಳ್ಳಗೆ ಹರಡುತ್ತಾರೆ. ಬಿಸಿಲೂ ಬೀಳಬೇಕು, ಮಳೆಯೂ ಬೀಳಬೇಕು. ಮಳೆ ಉಪ್ಪನ್ನು ತೊಳೆಯುತ್ತದೆ, ಬಿಸಿಲು ಬಣ್ಣ ತೆಗೆಯುತ್ತದೆ. ನಮ್ಮಲ್ಲಿ ಹಪ್ಪಳ ಹಾಕಿದ ದಿನ ಮೋಡ ಕಂಡರೆ ಎತ್ತಿಕೊಂಡು ಓಡುತ್ತೇವೆ. ಇಲ್ಲಿ ಮಳೆ ಬರಲಿ ಅಂತ ಬಿಡುತ್ತಾರೆ. ನೇರಳೆ ಹೋಗಿ ಗುಲಾಬಿ, ಗುಲಾಬಿ ಹೋಗಿ ಕೆನೆ ಬಣ್ಣ ಬಂದು, ಮುಟ್ಟಿದರೆ ಗರಗರ ಅಂದಾಗ ಆಯ್ತು. ಕಾಗದದ ಚೀಲದಲ್ಲಿ ಒಣ ಜಾಗದಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ.

ಈಗ ಮಾಡುವುದು. ಒಣಗಿದ ಪಾಚಿ ಒಂದು ಸಣ್ಣ ಮುಷ್ಟಿ ಸಾಕು, ತೂಕದಲ್ಲಿ 7ರಿಂದ 10 ಗ್ರಾಂ. ತಣ್ಣೀರಿನಲ್ಲಿ 10 ನಿಮಿಷ ನೆನೆಸಿ. ಕವಲಿನ ಸಂದಿಯಲ್ಲಿ ಮರಳು, ಸಾಸಿವೆ ಗಾತ್ರದ ಚಿಪ್ಪು ಸಿಕ್ಕಿಕೊಂಡಿರುತ್ತವೆ, ಬೆರಳಲ್ಲಿ ಬಿಡಿಸಿ ತೆಗೆಯಿರಿ. ಆ ನೀರು ಚೆಲ್ಲಿ. ಸುಮಾರು 1 ಲೀಟರ್ ಹೊಸ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಬೇಯಿಸಿ. ಕುದಿ ಜೋರಾದರೆ ಉಕ್ಕಿ ಒಲೆಯೆಲ್ಲ ಲೋಳೆ. ಬೆಂದ ಮೇಲೆ ಜರಡಿಗೆ ಹಾಕಿ ಮರದ ಸೌಟಿನ ಬೆನ್ನಿನಿಂದ ಒತ್ತಿ. ಮೊದಲು ಬರುವುದು ಬರೀ ನೀರು. ಒತ್ತುತ್ತಾ ಹೋದಂತೆ ಜರಡಿಯ ಕೆಳಗೆ ದಪ್ಪ ಲೋಳೆ ಇಳಿದು ನೇತಾಡುತ್ತದೆ. ನಿಮಗೆ ಬೇಕಾಗಿರುವುದು ಅದೇ. ಚಮಚದಲ್ಲಿ ಕೆರೆದು ಅದೇ ಪಾತ್ರೆಗೆ ಹಾಕಿಕೊಳ್ಳಿ. ಒಂದು ನಿಂಬೆಹಣ್ಣಿನ ರಸ, ಎರಡು ಚಮಚ ಜೇನು. ಬಿಸಿ ಇರುವಾಗಲೇ ಅರ್ಧ ಲೋಟ ಗುಟುಕು ಗುಟುಕಾಗಿ ಕುಡಿಯಬೇಕು. ದಿನಕ್ಕೆ ಮೂರು ಸಲ, ಕೊನೆಯದು ಮಲಗುವ ಮುಂಚೆ. ತಣ್ಣಗಾದರೆ ಗಟ್ಟಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ.

ಈ ಲೋಳೆ ಗಂಟಲಿಗೆ ಒಂದು ಪದರ ಕಟ್ಟುತ್ತದೆ. ಕೆರೆತ ಕಡಿಮೆಯಾಗಿ ಒಣ ಕೆಮ್ಮು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ನಿದ್ದೆ ಬರುತ್ತದೆ. ಸೋಂಕನ್ನು ಇದು ಕೊಲ್ಲುವುದಿಲ್ಲ. ಥೈರಾಯ್ಡ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು, ಕಡಲಪಾಚಿಯಲ್ಲಿ ಅಯೋಡಿನ್ ಇರುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ. ಮೂರು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಉಸಿರು ಕಟ್ಟಿದರೆ ಡಾಕ್ಟರ ಹತ್ತಿರ ಹೋಗಿ.

ಇದನ್ನೇ ನೀರಿನ ಬದಲು ಹಾಲಲ್ಲಿ ಬೇಯಿಸಿ ಸಕ್ಕರೆ ಹಾಕಿದರೆ ಕಡುಬಿನ ಥರ ಗಟ್ಟಿಯಾಗುವ ಸಿಹಿ ಆಗುತ್ತದೆ. ಕಾಯಿಲೆಯಿಂದ ಎದ್ದವರಿಗೆ ಇಲ್ಲಿ ಮೊದಲು ತಿನ್ನಿಸುವುದು ಇದನ್ನು. ನಮ್ಮಲ್ಲಿರುವ ಒಬ್ಬ ಅಜ್ಜಿ ಬೇರೆ ಏನನ್ನೂ ಮುಟ್ಟದ ದಿನಗಳಲ್ಲೂ ಇದನ್ನು ನಾಲ್ಕು ಚಮಚ ತಿನ್ನುತ್ತಾರೆ.

ನೆಗಡಿಗೆ ಮೂರು

ಹಾಟ್ ವಿಸ್ಕಿ ಎಲ್ಲರೂ ಕೇಳಿರುವ ಮದ್ದು. ದಪ್ಪ ಗಾಜಿನ ಲೋಟದಲ್ಲಿ ಒಂದು ಲೋಹದ ಚಮಚ ನಿಲ್ಲಿಸಿ ಬಿಸಿನೀರು ಹಾಕಿ, ಚಮಚ ಬಿಸಿಯನ್ನು ಎಳೆದುಕೊಂಡು ಲೋಟ ಸೀಳದಂತೆ ತಡೆಯುತ್ತದೆ. ಒಂದು ಚಮಚ ಸಕ್ಕರೆ ಕರಗಿಸಿ. ನಿಂಬೆಯ ಒಂದು ದಪ್ಪ ಬಿಲ್ಲೆಗೆ ಐದಾರು ಲವಂಗ ಚುಚ್ಚಿ ಹಾಕಿ. ಕೊನೆಗೆ ವಿಸ್ಕಿ ಒಂದು ಅಳತೆ, ಇಲ್ಲಿಯ ಪಬ್ಬುಗಳಲ್ಲಿ ಅದು 35.5 ಮಿಲಿ. ಒಂದೇ ಲೋಟ, ಹಾಸಿಗೆಗೆ ಹೋಗುವಾಗ. ಹಾಯೆನಿಸುವುದು ಆವಿಯಿಂದ, ಬಿಸಿಯಿಂದ, ಲವಂಗದಿಂದ. ಮದ್ಯ ಕುಡಿಯದವರು ವಿಸ್ಕಿ ಬಿಟ್ಟು ಉಳಿದದ್ದನ್ನು ಮಾಡಿಕೊಂಡರೂ ಮೂಗು ಬಿಡುತ್ತದೆ. ನಿದ್ದೆ ಬರಿಸುವ ನೆಗಡಿ ಮಾತ್ರೆ ನುಂಗಿದ್ದರೆ ವಿಸ್ಕಿ ಬೇಡವೇ ಬೇಡ.

ಹಾಲು ಈರುಳ್ಳಿ ನನಗೆ ಇದಕ್ಕಿಂತ ಇಷ್ಟ. ಒಂದು ದೊಡ್ಡ ಈರುಳ್ಳಿ ತೆಳ್ಳಗೆ ಹೆಚ್ಚಿ, ಒಂದೂವರೆ ಲೋಟ ಹಾಲಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗುವ ತನಕ ಬೇಯಿಸಿ. ಒಂದು ಚೂರು ಬೆಣ್ಣೆ, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ ಧಾರಾಳ. ಈರುಳ್ಳಿಯನ್ನು ಚಮಚದಲ್ಲಿ ತಿಂದು ಹಾಲು ಕುಡಿಯಬೇಕು. ಅರಿಶಿನದ ಹಾಲು ಕುಡಿದು ಬೆಳೆದವರಿಗೆ ಇದು ಕಷ್ಟವೇ ಅಲ್ಲ.

ಗಂಟಲು ನೋವಿಗೆ ಉಪ್ಪಿನ ಕಾಲುಚೀಲ. ಕಲ್ಲುಪ್ಪನ್ನು ಒಣ ಬಾಣಲೆಯಲ್ಲಿ ಬಿಸಿ ಮಾಡಿ, ಉಣ್ಣೆಯ ಕಾಲುಚೀಲಕ್ಕೆ ಸುರಿದು, ಗಂಟು ಹಾಕಿ ಕುತ್ತಿಗೆಗೆ ಸುತ್ತುತ್ತಾರೆ. ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ಹತ್ತು ಎಣಿಸಿ. ತಡೆಯಲಾಗದಿದ್ದರೆ ಇನ್ನೂ ಆರಬೇಕು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಚರ್ಮ ಸುಡುತ್ತಿರುವುದೇ ಗೊತ್ತಾಗದಿರಬಹುದು. ಅಂಥವರಿಗೆ ಈ ಶಾಖ ಬೇಡ. ಸುಟ್ಟ ಚರ್ಮಕ್ಕೆ ಡ್ರೆಸ್ಸಿಂಗ್ ಮಾಡುವವಳು ಹೇಳುತ್ತಿದ್ದೇನೆ, ದಯವಿಟ್ಟು ಕೇಳಿ.

ನೆಟಲ್ ಮತ್ತು ಡಾಕ್

ಮಲೆನಾಡಿನವರಿಗೆ ತುರಚೆ ಗಿಡ ಗೊತ್ತು. ನೆಟಲ್ ಕೂಡ ಅಂಥದೇ ಗಿಡ. ಬೇಲಿ, ಹಟ್ಟಿ, ಪಾಳುಮನೆ, ಎಲ್ಲಿ ನೋಡಿದರೂ ಇರುತ್ತದೆ. ತಾಗಿದರೆ ಉರಿ. ಅದರ ಆಸುಪಾಸಿನಲ್ಲೇ ಡಾಕ್ ಗಿಡವೂ ಇರುತ್ತದೆ, ಅಗಲವಾದ ಎಲೆ, ಬುಡದಿಂದಲೇ ಗೊಂಚಲಾಗಿ ಏಳುತ್ತದೆ. ಮಧ್ಯದ ಎಳೆ ಎಲೆ ಕಿತ್ತು ಅಂಗೈಯಲ್ಲಿ ಹಿಚುಕಿ, ರಸ ಬಂದ ಮೇಲೆ ಉರಿಯುವ ಜಾಗಕ್ಕೆ ಹಚ್ಚಬೇಕು. ಇಲ್ಲಿಯ ಮಕ್ಕಳು ‘ಡಾಕ್ ಒಳಗೆ, ನೆಟಲ್ ಹೊರಗೆ’ ಅಂತ ಹೇಳಿಕೊಂಡೇ ಉಜ್ಜುವುದು. ಡಾಕ್ ಎಲೆಯಲ್ಲಿ ಉರಿ ಮುರಿಯುವ ವಿಶೇಷ ವಸ್ತು ಇದೆ ಅಂತ ಸಾಬೀತಾಗಿಲ್ಲ. ತಣ್ಣನೆಯ ರಸ, ಮೆಲ್ಲಗೆ ಉಜ್ಜುವುದು, ಅಳು ಮರೆಯುವುದು, ಇಷ್ಟರಿಂದಲೇ ಮಕ್ಕಳಿಗೆ ಸಮಾಧಾನ ಆಗುತ್ತದೆ. ಜೋರಾಗಿ ಮಾತ್ರ ಉಜ್ಜಬಾರದು, ಮುಳ್ಳುಗೂದಲು ಇನ್ನೂ ಒಳಗೆ ಹೋಗುತ್ತದೆ. ಅಂಟುಪಟ್ಟಿ ಹಚ್ಚಿ ಎಳೆದರೆ ಕೂದಲು ಬರುತ್ತದೆ.

ಅದೇ ನೆಟಲ್ ವಸಂತದ ಮದ್ದೂ ಹೌದು. ಮೇ ತಿಂಗಳಲ್ಲಿ ಮೂರು ಸಲ ನೆಟಲ್ ಊಟ ಮಾಡಿದರೆ ವರ್ಷವಿಡೀ ಕಾಯಿಲೆ ಬರುವುದಿಲ್ಲ ಅನ್ನುವ ಮಾತಿದೆ. ವರ್ಷಕ್ಕೆಲ್ಲ ಆಗುತ್ತದೋ ಇಲ್ಲವೋ, ಆ ಮಾತಿನ ಹಿಂದೆ ಹೊಟ್ಟೆಪಾಡಿನ ಅನುಭವ ಇದೆ. ಚಳಿಗಾಲ ಪೂರ್ತಿ ಆಲೂಗಡ್ಡೆ, ಉಪ್ಪು ಹಾಕಿಟ್ಟ ಮಾಂಸ ತಿಂದವರಿಗೆ ಮೊದಲು ಸಿಗುವ ಹಸಿರು ಸೊಪ್ಪು ಇದು. ಕಬ್ಬಿಣ, ಸಿ ಜೀವಸತ್ವ ಎರಡೂ ಇದರಲ್ಲಿವೆ. 1845ರಿಂದ ಆಲೂಗಡ್ಡೆ ಬೆಳೆ ಹಾಳಾಗಿ ಬರ ಬಂದಾಗ ಜನ ನೆಟಲ್, ಕಡಲಪಾಚಿ ತಿಂದು ಜೀವ ಹಿಡಿದಿದ್ದರು. ಕೆಲವು ಅಜ್ಜಂದಿರು ಇದನ್ನು ಬಡವರ ಊಟ ಅಂತ ಇವತ್ತಿಗೂ ಮುಟ್ಟುವುದಿಲ್ಲ. ಅವರನ್ನು ಒತ್ತಾಯ ಮಾಡಬಾರದು.

ರಬ್ಬರ್ ಗ್ಲೌಸ್ ಹಾಕಿಕೊಂಡು ತುದಿಯ ನಾಲ್ಕಾರು ಎಲೆ ಮಾತ್ರ ಚಿವುಟಿ. ಹೂ ಬಿಟ್ಟ ಗಿಡ ಬೇಡ, ಎಲೆ ಒರಟಾಗಿರುತ್ತದೆ. ನಾಯಿಗಳು ಓಡಾಡುವ ದಾರಿಯ ಅಂಚು, ಕಳೆನಾಶಕ ಹೊಡೆದ ಹೊಲದ ಬದು ಬೇಡ. ನಾಲ್ಕು ಜನಕ್ಕೆ ಸುಮಾರು 150 ಗ್ರಾಂ ಎಲೆ. ಬೆಣ್ಣೆಯಲ್ಲಿ ಒಂದು ಈರುಳ್ಳಿ, ಎರಡು ಆಲೂಗಡ್ಡೆ ಬಾಡಿಸಿ, 1 ಲೀಟರ್ ನೀರು ಇಲ್ಲವೇ ತರಕಾರಿ ಬೇಯಿಸಿದ ನೀರು ಹಾಕಿ, ಆಲೂಗಡ್ಡೆ ಮೆತ್ತಗಾದ ಮೇಲೆ ನೆಟಲ್ ಹಾಕಿ ಮೂರು ನಿಮಿಷ ಕುದಿಸಿ ರುಬ್ಬಿ. ಬೆಂದ ಮೇಲೆ ಚುಚ್ಚುವುದಿಲ್ಲ. ಹೆಚ್ಚು ಬೇಯಿಸಿದರೆ ಹಸಿರು ಹೋಗಿ ಕಂದಾಗುತ್ತದೆ. ನಾನು ಉಳಿದ ಎಲೆಯನ್ನು ತೊಗರಿಬೇಳೆ, ಬೆಳ್ಳುಳ್ಳಿ ಜೊತೆ ಸೊಪ್ಪಿನ ಸಾರು ಮಾಡುತ್ತೇನೆ, ಚೆನ್ನಾಗಿರುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಇಂಥ ಸೊಪ್ಪನ್ನು ಒಮ್ಮೆಲೇ ಜಾಸ್ತಿ ತಿನ್ನಬಾರದು, ಇದರಲ್ಲಿರುವ ಕೆ ಜೀವಸತ್ವ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ.

ಹೊಟ್ಟೆ ಕೆಟ್ಟರೆ

ಇಲ್ಲಿ ಮನೆಮನೆಯ ಮದ್ದು ಗ್ಯಾಸ್ ಹೋದ ಸೆವೆನ್ ಅಪ್. ಬಾಟಲಿ ತೆರೆದಿಟ್ಟು, ಚಮಚದಲ್ಲಿ ಕಲಕಿ ಗುಳ್ಳೆಯೆಲ್ಲ ತೆಗೆದು ಕುಡಿಸುತ್ತಾರೆ. ವಾಕರಿಕೆಗೆ ದೊಡ್ಡವರು ಒಂದೆರಡು ಗುಟುಕು ಕುಡಿದರೆ ಅಡ್ಡಿಯಿಲ್ಲ. ಭೇದಿ ಆಗುತ್ತಿರುವ ಮಗುವಿಗೆ ಮಾತ್ರ ಕೊಡಬೇಡಿ. ಅದರಲ್ಲಿ ಸಕ್ಕರೆ ಜಾಸ್ತಿ, ಉಪ್ಪಿನಂಶ ಕಡಿಮೆ, ಭೇದಿ ಇನ್ನೂ ಹೆಚ್ಚಾಗಬಹುದು. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಪುಡಿ ಸಿಗುತ್ತದೆ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ ಚಮಚ ಚಮಚ ಕೊಡಿ. ಪಕ್ಕದ ಮನೆಯವರು ಪ್ರೀತಿಯಿಂದ ಬಾಟಲಿ ತಂದುಕೊಟ್ಟರೆ ತೆಗೆದುಕೊಳ್ಳಿ, ಮಗುವಿಗೆ ಓಆರ್‌ಎಸ್ ಕೊಡಿ.

ಕುರು, ಸಿಬರು, ಉಳುಕು

ಬ್ರೆಡ್ ಪೋಲ್ಟೀಸು, ಅಂದರೆ ಬೆಚ್ಚನೆಯ ಬ್ರೆಡ್ಡಿನ ಕಟ್ಟು, ಮಾಡುವುದು ಸುಲಭ. ಬಿಳಿ ಬ್ರೆಡ್ಡಿನ ಒಂದು ತುಂಡನ್ನು ತೊಳೆದ ಹತ್ತಿಬಟ್ಟೆಯಲ್ಲಿಟ್ಟು ಕುದಿಯುವ ನೀರು ಹನಿಸಿ, ಬಟ್ಟೆ ತಿರುಚಿ ನೀರು ಹಿಂಡಿ. ಮುಂಗೈಯಲ್ಲಿ ಬಿಸಿ ನೋಡಿ. ಹಿತವಾಗಿ ಬೆಚ್ಚಗಿರುವಾಗ ಕುರುವಿನ ಮೇಲೋ ಸಿಬರು ಹೊಕ್ಕ ಜಾಗದ ಮೇಲೋ ಕಟ್ಟಿ, ತಣ್ಣಗಾದರೆ ಬದಲಿಸಿ. ಒದ್ದೆ ಶಾಖಕ್ಕೆ ಚರ್ಮ ಮೆತ್ತಗಾಗಿ ಕುರು ತಾನಾಗಿ ಬಾಯಿ ಬಿಡುತ್ತದೆ, ಸಿಬರು ಮೇಲೆ ಬರುತ್ತದೆ. ಹಿಚುಕಬಾರದು. ಕೆಂಪು ಗೆರೆ ಮೇಲಕ್ಕೆ ಹರಿಯುತ್ತಿದ್ದರೆ, ಜ್ವರ ಬಂದರೆ, ಕುರು ಮುಖದ ಮೇಲಿದ್ದರೆ ಡಾಕ್ಟರೇ ನೋಡಬೇಕು. ಗಾಯಕ್ಕೆ ಜೇಡರ ಬಲೆ ಹಚ್ಚಿ ರಕ್ತ ನಿಲ್ಲಿಸುವುದನ್ನೂ ಹಲವರು ಹೇಳಿದ್ದಾರೆ. ಅದು ಬೇಡ. ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ಟೆಟನಸ್ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ.

ಉಳುಕಿಗೆ ಕಾಮ್‌ಫ್ರಿ ಎಲೆ. ಬಿಸಿನೀರಲ್ಲಿ ಬಾಡಿಸಿ, ಜಜ್ಜಿ, ಬಟ್ಟೆಯ ನಡುವೆ ಇಟ್ಟು ಕಟ್ಟುತ್ತಾರೆ. ಚರ್ಮ ಒಡೆದಿದ್ದರೆ ಕಟ್ಟಬಾರದು. ಕಷಾಯ ಮಾಡಿ ಕುಡಿಯಲೇಬಾರದು, ಲಿವರ್ ಕೆಡಿಸುವ ವಸ್ತು ಅದರಲ್ಲಿದೆ.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಹೂ ಬಿಡುವ ಮೊದಲು ಕಾಮ್‌ಫ್ರಿ ಮತ್ತು ಫಾಕ್ಸ್‌ಗ್ಲವ್ ಎಲೆಗಳು ನೋಡಲು ಒಂದೇ ಥರ. ಫಾಕ್ಸ್‌ಗ್ಲವ್ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಹೃದಯಕ್ಕೆ ಕೊಡುವ ಡಿಜಿಟಾಲಿಸ್ ಬಂದಿದ್ದು ಅದೇ ಗಿಡದಿಂದ. ಟೀ ಮಾಡಲು ಹೋಗಿ ಎಲೆ ತಪ್ಪಿ ಜನ ಆಸ್ಪತ್ರೆ ಸೇರಿದ್ದುಂಟು. ಎಲೆಯ ಅಂಚನ್ನು ಉಗುರಲ್ಲಿ ಸವರಿ ನೋಡಿ. ಕಾಮ್‌ಫ್ರಿ ಅಂಚು ನಯ, ಎಲೆಯ ಮೇಲೆ ಚುಚ್ಚುವ ಒರಟು ರೋಮ. ಫಾಕ್ಸ್‌ಗ್ಲವ್ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು, ಎಲೆ ಮುಟ್ಟಿದರೆ ಮೆತ್ತಗೆ. ಒಂದು ಚೂರು ಅನುಮಾನ ಬಂದರೂ ಬಿಟ್ಟುಬಿಡಿ. ನಮ್ಮ ಊರಿನಲ್ಲಿ ಸೊಪ್ಪು ಗುರುತಿಸುವ ಕಣ್ಣು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿಯೇ ಕಲಿಯಬೇಕು.

ಸುಟ್ಟ ಗಾಯಕ್ಕೆ ಬೆಣ್ಣೆ ಹಚ್ಚುವವರು ಈಗಲೂ ಇದ್ದಾರೆ. ಹಚ್ಚಬೇಡಿ. ನಲ್ಲಿಯ ತಣ್ಣೀರು 20 ನಿಮಿಷ.

ಕೀಲುನೋವಿಗೆ ಕಡಲಪಾಚಿಯ ಸ್ನಾನ

ಸ್ಲೈಗೋ ಕೌಂಟಿಯ ಎನ್ನಿಸ್‌ಕ್ರೋನ್‌ನಲ್ಲಿ ಕಿಲ್‌ಕಲೆನ್ ಅವರ ಸ್ನಾನದ ಮನೆ 1912ರಿಂದ ನಡೆದುಕೊಂಡು ಬಂದಿದೆ. ಹಳೆಯ ಕಾಲದ ದೊಡ್ಡ ಬಿಳಿ ತೊಟ್ಟಿ, ಅದರ ತುಂಬ ಬಿಸಿ ಕಡಲನೀರು, ಮೇಲೆ ತೇಲುವ ಪಾಚಿ. ಮೈಗೆ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುವ ನಮಗೆ ಈ ನುಣುಪು ತುಂಬ ಹಿಡಿಸುತ್ತದೆ. ಒಮ್ಮೆ ಹೋಗಿ ಬನ್ನಿ.

ಮನೆಯಲ್ಲೂ ಮಾಡಬಹುದು. ಅಂಚಿನಲ್ಲಿ ಗರಗಸದ ಹಲ್ಲಿರುವ ಕಂದು ಪಾಚಿ ಬೇಕು, ಕಡಲು ಚೆನ್ನಾಗಿ ಇಳಿದಾಗ ಕಾಣುತ್ತದೆ. ಒಂದು ಬಕೆಟ್ ಸಾಕು, ಇದಕ್ಕೂ ಬುಡ ಬಿಟ್ಟೇ ಕತ್ತರಿಸಬೇಕು. ಕೊಳಚೆ ನೀರಿನ ಎಚ್ಚರಿಕೆ ಫಲಕ ಇರುವ ಕಡೆ ಬೇಡ. ಮರಳು ತೊಳೆದು, ಬಲೆಯ ಚೀಲಕ್ಕೆ ತುಂಬಿ ತೊಟ್ಟಿಯಲ್ಲಿಟ್ಟು ಮೊದಲು ತುಂಬ ಬಿಸಿಯಾದ ನೀರು ಬಿಡಿ. ಕಂದು ಪಾಚಿ ನೋಡುತ್ತಿದ್ದಂತೆ ಹಸಿರಾಗಿ ಲೋಳೆ ಬಿಡುತ್ತದೆ. ಆಮೇಲೆ ತಣ್ಣೀರು ಬೆರೆಸಿ ಹದ ಮಾಡಿಕೊಂಡು 20 ನಿಮಿಷ ಕೂರಿ. ಚೀಲ ಇಲ್ಲದೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ. ಏಳುವಾಗ ತೊಟ್ಟಿ ಜಾರುತ್ತದೆ, ಗೋಡೆ ಹಿಡಿದು ಏಳಿ. ಬಸುರಿಯರು, ಹೃದಯದ ತೊಂದರೆ ಇರುವವರು ಬಿಸಿ ಸ್ನಾನಕ್ಕೆ ಮುಂಚೆ ಡಾಕ್ಟರನ್ನು ಕೇಳಬೇಕು.

ಕ್ಯೂರ್ ಇರುವವರ ಮನೆಗೆ ಹೋಗುವುದು

ಇದು ಅಡುಗೆಮನೆಯ ಮದ್ದಲ್ಲ. ಇಲ್ಲಿ ಹಳ್ಳಿಹಳ್ಳಿಯಲ್ಲೂ ಒಂದೊಂದು ಕಾಯಿಲೆಗೆ ‘ಕ್ಯೂರ್’ ಇರುವ, ಅಂದರೆ ಅದನ್ನು ಗುಣ ಮಾಡುವ ಶಕ್ತಿ ಇದೆ ಅಂತ ಜನ ನಂಬುವ, ಒಬ್ಬೊಬ್ಬರು ಇರುತ್ತಾರೆ. ಒಬ್ಬರಿಗೆ ಹುಳುಕಡ್ಡಿಯದು, ಇನ್ನೊಬ್ಬರಿಗೆ ಸರ್ಪಸುತ್ತಿನದು, ಮತ್ತೊಬ್ಬರಿಗೆ ಸುಟ್ಟ ಗಾಯದ್ದು. ಕೆಲವರಿಗೆ ಮನೆತನದಿಂದ ಬರುತ್ತದೆ. ಕೆಲವರಿಗೆ ಹುಟ್ಟಿನಿಂದ: ಏಳನೇ ಮಗ, ಅದರಲ್ಲೂ ಏಳನೇ ಮಗನ ಏಳನೇ ಮಗ. ತಂದೆಯ ಮುಖವನ್ನೇ ನೋಡದೆ ಹುಟ್ಟಿದವರು ಕೂಸಿನ ಬಾಯಿಗೆ ಊದಿದರೆ ಬಾಯಿಯ ಬಿಳಿ ಹುಣ್ಣು ಹೋಗುತ್ತದೆ ಅನ್ನುತ್ತಾರೆ. ಮದುವೆಗೆ ಮುಂಚೆಯೂ ಆಮೇಲೂ ಒಂದೇ ಮನೆತನದ ಹೆಸರಿರುವ ಹೆಂಗಸಿನ ಕೈಯ ಬ್ರೆಡ್ಡು ನಾಯಿಕೆಮ್ಮಿಗೆ ಮದ್ದಂತೆ. ಇಲ್ಲಿಯ ಪುಟ್ಟ ಹಲ್ಲಿಯನ್ನು ನೆಕ್ಕಿದವರ ನಾಲಗೆಗೆ ಸುಟ್ಟ ಗಾಯ ಮಾಯಿಸುವ ಶಕ್ತಿ ಬರುತ್ತದಂತೆ.

ಇವೆಲ್ಲ ಬಾಯಿಮಾತಿನಲ್ಲಿ ಕಳೆದುಹೋಗಲಿಲ್ಲ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಸುಮಾರು 5,000 ಶಾಲೆಗಳ ಮಕ್ಕಳ ಕೈಲಿ ಅಜ್ಜ ಅಜ್ಜಿಯರ ನೆನಪುಗಳನ್ನು ಬರೆಸಿತು. ಒಟ್ಟು ಸುಮಾರು 7 ಲಕ್ಷ 40 ಸಾವಿರ ಪುಟ. ಅದರಲ್ಲಿ ಊರಿನ ಮದ್ದುಗಳದ್ದೇ ಒಂದು ವಿಷಯ. ಈಗ ಡೂಕಸ್ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ನಿಮ್ಮ ಊರಿನ ಹೆಸರು ಹಾಕಿ ಹುಡುಕಿ. ನಮ್ಮಲ್ಲಿರುವ ಒಬ್ಬ ಅಜ್ಜನಿಗೆ ಅವರ ಅಕ್ಕ ಶಾಲೆಯಲ್ಲಿ ಬರೆದ ಪುಟ ಫೋನಿನಲ್ಲಿ ತೋರಿಸಿದೆ. ಅಕ್ಷರ ನೋಡಿದ ತಕ್ಷಣ ಗುರುತು ಹಿಡಿದರು.

ಹೋಗುವುದಾದರೆ ಹೀಗೆ. ಅವರು ಬೋರ್ಡು ಹಾಕಿಕೊಂಡಿರುವುದಿಲ್ಲ. ಅಂಗಡಿಯಲ್ಲಿ, ಪೋಸ್ಟ್ ಆಫೀಸಿನಲ್ಲಿ ಕೇಳಿದರೆ ಗೊತ್ತಾಗುತ್ತದೆ. ಫೋನ್ ಮಾಡಿ ಹೋಗಿ. ಎಷ್ಟೋ ಕ್ಯೂರ್‌ಗಳಿಗೆ ಮೂರು ಸಲ ಹೋಗಬೇಕು, ಸೋಮವಾರ, ಗುರುವಾರ, ಮತ್ತೆ ಸೋಮವಾರ ಅನ್ನುವ ಲೆಕ್ಕ ಸಾಮಾನ್ಯ. ದುಡ್ಡು ಕೊಡಬಾರದು. ಥ್ಯಾಂಕ್ಸ್ ಕೂಡ ಹೇಳಬಾರದು, ಹೇಳಿದರೆ ಮದ್ದು ಹಿಡಿಯುವುದಿಲ್ಲ ಅನ್ನುವ ನಂಬಿಕೆ. ಅವರು ಹೇಳಿಕೊಳ್ಳುವ ಪ್ರಾರ್ಥನೆ ಏನೆಂದು ಕೇಳಬಾರದು. ನಮ್ಮಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿಸಿಕೊಳ್ಳಲು ಹೋಗುವವರಿಗೆ ಈ ಗೌರವ ಹೇಳಿಕೊಡಬೇಕಾಗಿಲ್ಲ.

ಆದರೆ ಸರ್ಪಸುತ್ತಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಗುಳ್ಳೆ ಎದ್ದು 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಮೊದಲು ಡಾಕ್ಟರು, ಆಮೇಲೆ ಕ್ಯೂರ್. ಕಣ್ಣಿನ ಹತ್ತಿರ ಗುಳ್ಳೆ ಬಂದರೆ ಅವತ್ತೇ ಹೋಗಬೇಕು. ನಾನು ನೋಡಿರುವ ಕ್ಯೂರ್ ಇರುವವರೂ ‘ಡಾಕ್ಟರಿಗೆ ತೋರಿಸಿದಿರಾ’ ಅಂತಲೇ ಮೊದಲು ಕೇಳುತ್ತಾರೆ. ನಾಯಿಕೆಮ್ಮಿಗೆ ಬ್ರೆಡ್ಡು ಹುಡುಕುವ ಬದಲು ಮಗುವಿನ ಲಸಿಕೆಗಳನ್ನು ಸಮಯಕ್ಕೆ ಹಾಕಿಸಿ. ನರೂಲಿಗೆ ಮಾತ್ರ ನಿಶ್ಚಿಂತೆಯಿಂದ ಹಳೆಯದನ್ನೇ ಮಾಡಿ: ಆಲೂಗಡ್ಡೆಯ ಹೋಳು ಉಜ್ಜಿ ಮಣ್ಣಲ್ಲಿ ಹೂತರೆ, ಅದು ಕೊಳೆತಂತೆ ನರೂಲಿ ಹೋಗುತ್ತದೆ ಅನ್ನುತ್ತಾರೆ. ಮಕ್ಕಳ ನರೂಲಿ ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ, ಕಾಯಲು ಇದೊಂದು ನೆವ.

ಕ್ಲೇರ್‌ನಲ್ಲಿ ಬಿಡ್ಡಿ ಅರ್ಲಿ ಹೆಸರು ಗೊತ್ತಿಲ್ಲದವರಿಲ್ಲ. ಫೀಕಲ್ ಊರಿನ ಕಡೆಯವಳು, 1874ರಲ್ಲಿ ತೀರಿಹೋದಳು. ಒಂದು ನೀಲಿ ಬಾಟಲಿ ನೋಡಿ ಕಾಯಿಲೆ ಹೇಳುತ್ತಿದ್ದಳಂತೆ. 1865ರಲ್ಲಿ 1586ರ ಮಾಟಮಂತ್ರದ ಕಾಯ್ದೆಯಡಿ ಅವಳನ್ನು ಎನ್ನಿಸ್ ಕೋರ್ಟಿಗೆ ಎಳೆದರು, ಸಾಕ್ಷಿ ನಿಲ್ಲಲಿಲ್ಲ. ನಮ್ಮ ಅಜ್ಜಿಯರು ಅವಳ ಹೆಸರನ್ನು ಇವತ್ತೂ ದನಿ ತಗ್ಗಿಸಿ ಹೇಳುತ್ತಾರೆ.

ಬ್ರಿಜಿಡ್ ಬಟ್ಟೆ, ಬಾವಿ, ಮಣ್ಣು

ಜನವರಿ 31ರ ರಾತ್ರಿ ಒಂದು ಹತ್ತಿಬಟ್ಟೆಯನ್ನು ಹೊರಗೆ ಬೇಲಿಯ ಮೇಲೋ ಕಿಟಕಿಯ ಮೇಲೋ ಇಡುತ್ತಾರೆ. ಆ ರಾತ್ರಿ ಸಂತ ಬ್ರಿಜಿಡ್ ಊರಲ್ಲಿ ಹಾದುಹೋಗುತ್ತಾ ಅದನ್ನು ಮುಟ್ಟುತ್ತಾಳೆ ಅಂತ ನಂಬಿಕೆ. ಬೆಳಗ್ಗೆ ಒಳಗೆ ತಂದು ಮಡಿಸಿಟ್ಟರೆ ವರ್ಷವಿಡೀ ತಲೆನೋವಿಗೆ ಹಣೆಗೆ ಕಟ್ಟಲು ಬರುತ್ತದೆ. ನಾನೂ ಇಡುತ್ತೇನೆ. ಕತ್ತಲೆ ಕೋಣೆಯಲ್ಲಿ ಆ ಬಟ್ಟೆ ಕಟ್ಟಿಕೊಂಡು ಮಲಗಿದರೆ ಹಿತ. ಸಿಡಿಲಿನಂತೆ ಒಮ್ಮೆಲೇ ಬಂದ ತಲೆನೋವಿಗೆ, ಮಾತು ತೊದಲಿದರೆ, ಮುಖ ಸೊಟ್ಟಗಾದರೆ ಬಟ್ಟೆ ಹುಡುಕಬೇಡಿ, 112ಕ್ಕೆ ಫೋನ್ ಮಾಡಿ.

ಲಿಸ್ಕ್ಯಾನರ್ ಹತ್ತಿರ, ಮೋಹರ್ ಬಂಡೆಗಳಿಗೆ ಹೋಗುವ ರಸ್ತೆಯಲ್ಲೇ, ಬ್ರಿಜಿಡ್ ಬಾವಿ ಇದೆ. ಕಿರಿದಾದ ಕಲ್ಲಿನ ಓಣಿಯೊಳಗೆ ನೀರು. ಎರಡೂ ಗೋಡೆಗೆ ಜಪಮಾಲೆ, ಸತ್ತವರ ಫೋಟೋ, ಮೂರ್ತಿಗಳು ಒತ್ತೊತ್ತಾಗಿ ಇವೆ. ಸುತ್ತು ಹಾಕುವವರು ಬಲಕ್ಕೇ ಹಾಕುತ್ತಾರೆ, ನಮ್ಮ ಪ್ರದಕ್ಷಿಣೆಯ ದಿಕ್ಕೇ. ಮರಕ್ಕೆ ಬಟ್ಟೆ ಕಟ್ಟುವುದಾದರೆ ಹತ್ತಿಯದೇ ಕಟ್ಟಿ. ಬಟ್ಟೆ ಜೀರ್ಣವಾದಂತೆ ನೋವು ಹೋಗಬೇಕು ಅನ್ನುವುದು ಕಟ್ಟುಪಾಡು, ಪ್ಲಾಸ್ಟಿಕ್ ರಿಬ್ಬನ್ ಯಾವಾಗ ಜೀರ್ಣವಾದೀತು? ನೀರನ್ನು ಹಣೆಗೆ, ಕಣ್ಣಿನ ರೆಪ್ಪೆಗೆ ಸೋಕಿಸಿಕೊಳ್ಳಿ, ಕಾಯಿಸದೆ ಕುಡಿಯಬೇಡಿ.

ಇನ್ನೊಂದು ಜಾಗ ಫರ್ಮಾನಾ ಕೌಂಟಿಯ ಬೊಹೊ. ದಾರಿ ಕೇಳುವಾಗ ‘ಬೋ’ ಅನ್ನಿ. 1815ರಲ್ಲಿ ತೀರಿಕೊಂಡ ಪಾದ್ರಿ ಜೇಮ್ಸ್ ಮಗರ್ ಅವರ ಸಮಾಧಿ ಅಲ್ಲಿಯ ಚರ್ಚಿನ ಅಂಗಳದಲ್ಲಿದೆ. ತಾನು ಬದುಕಿದ್ದಾಗ ಗುಣ ಮಾಡಿದ್ದನ್ನೆಲ್ಲ ತನ್ನ ಮೇಲಿನ ಮಣ್ಣೂ ಗುಣ ಮಾಡುತ್ತದೆ ಅಂತ ಅವರು ಹೇಳಿದ್ದರೆಂದು ಜನ ನಂಬುತ್ತಾರೆ. 2018ರಲ್ಲಿ ವೇಲ್ಸಿನ ಸ್ವಾನ್‌ಸೀ ವಿಶ್ವವಿದ್ಯಾಲಯದವರಿದ್ದ ಒಂದು ತಂಡ ಅಲ್ಲಿಯ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಬಳಗದ ಒಂದು ಹೊಸ ಬ್ಯಾಕ್ಟೀರಿಯಾ ಕಂಡಿತು. ಲ್ಯಾಬಿನಲ್ಲಿ ಅದು ಎಂಆರ್‌ಎಸ್‌ಎ ಸೇರಿದಂತೆ ಔಷಧಿಗೆ ಬಗ್ಗದ ಕೆಲವು ರೋಗಾಣುಗಳನ್ನು ತಡೆಯಿತು. ನಮ್ಮ ವಾರ್ಡುಗಳಲ್ಲಿ ಎಂಆರ್‌ಎಸ್‌ಎ ಎಂಥ ಭಯ ಅಂತ ಗೊತ್ತಿರುವವರಿಗೆ ಇದು ರೋಮಾಂಚನದ ಸುದ್ದಿ.

ಹಾಗಂತ ಮಣ್ಣನ್ನು ಗಾಯಕ್ಕೆ ಹಚ್ಚಬಾರದು, ಮಣ್ಣಲ್ಲಿ ಟೆಟನಸ್ ರೋಗಾಣುವೂ ಇರಬಹುದು. ಅಲ್ಲಿಯ ಪದ್ಧತಿಯಲ್ಲೂ ಹಚ್ಚುವುದಿಲ್ಲ. ಸಮಾಧಿಯಿಂದ ಒಂದು ಚಮಚದಷ್ಟು ಮಣ್ಣು ತೆಗೆದು, ಹತ್ತಿಬಟ್ಟೆಯಲ್ಲಿ ಕಟ್ಟಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ತಂದು ಅಲ್ಲೇ ಹಾಕಬೇಕು. ಬೊಹೊ ಇರುವುದು ಉತ್ತರ ಐರ್ಲೆಂಡಿನಲ್ಲಿ. ಗಡಿಯಲ್ಲಿ ಗೇಟು, ತಪಾಸಣೆ ಏನೂ ಕಾಣದಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯುಕೆ ವೀಸಾ ಬೇಕು. ಮಣ್ಣು ಹಿಂದಿರುಗಿಸಲು ಮತ್ತೆ ಹೋಗಲೇಬೇಕಲ್ವಾ, ವೀಸಾ ಎರಡನೇ ಸಲಕ್ಕೂ ಸಲ್ಲುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.